ಅವ್ವ ಒತ್ತಿದ ‘ಇಲ್ಲ’

ಟ್ಯಾಕ್ಸ್ ವಿಷಯದಲ್ಲಿ ಟೆಕ್ಸಸ್ಸಿನ ನಮ್ಮ ಕನ್ನಡ ಬಳಗಕ್ಕೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಅಂಕಲ್ ಹೇಳಿದ್ದೇ ಕೊನೆ. ಅವರೇನೂ ಲೆಕ್ಕಪರಿಶೋಧಕರಲ್ಲ, ಮೈಸೂರು ಕಡೆಯ ಸಾಫ್ಟ್‌ವೇರಿನವರು. ಆದರೂ ಫೆಬ್ರವರಿ ಬಂತೆಂದರೆ ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಪರಿಚಯದವರೆಲ್ಲ ತಮ್ಮ ಕಾಗದಗಳ ಫೋಟೋ ತೆಗೆದು ಅವರಿಗೆ ಕಳಿಸುತ್ತಾರೆ. ಅವರು ಒಂದು ಸಾಲಿನ ತೀರ್ಪು ಕೊಡುತ್ತಾರೆ. ಕಾರಣ ಯಾರೂ ಕೇಳುವುದಿಲ್ಲ. ಹೈಸ್ಕೂಲಿನುದ್ದಕ್ಕೂ ಡಿಬೇಟ್ ಮಾಡಿದ ನನಗೆ ಕಾರಣವಿಲ್ಲದ ತೀರ್ಪು ಕಂಡರೆ ಮೈ ಉರಿಯುತ್ತದೆ.

ಆ ವರ್ಷದ ತೀರ್ಪು ನಮ್ಮ ಅವ್ವನ ಕುರಿತಾಗಿತ್ತು. ಅವ್ವ ಧಾರವಾಡದಲ್ಲಿ ಕೆಮಿಸ್ಟ್ರಿ ಬಿಎಸ್ಸಿ ಮಾಡಿದವಳು. ನಾನು ಓದಲು ಆಸ್ಟಿನ್‌ಗೆ ಹೊರಟ ವರ್ಷವೇ ಅವಳೂ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನ ನಮ್ಮ ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಮೆಡಿಕಲ್ ಲ್ಯಾಬ್ ಟೆಕ್ನಿಶಿಯನ್ ಆಗುವ ಎರಡು ವರ್ಷದ ಡಿಗ್ರಿ. ಕಾಲೇಜಿನ ಫೀಸಿಗೆ ಇಲ್ಲಿ ತೆರಿಗೆಯಲ್ಲಿ ಎರಡು ಬಗೆಯ ರಿಯಾಯಿತಿ ಇದೆ. ದೊಡ್ಡದು, ಕಾಲೇಜಿನ ಮೊದಲ ನಾಲ್ಕು ವರ್ಷ ಇನ್ನೂ ಮುಗಿಸದವರಿಗೆ. ಚಿಕ್ಕದಕ್ಕೆ ಆ ಷರತ್ತಿಲ್ಲ. ದೊಡ್ಡದು ಸಿಕ್ಕರೆ ಆ ಹಣದ ಆಸರೆಯಲ್ಲಿ ಅವ್ವ ಡೇಕೇರ್ ಕೆಲಸ ಬಿಟ್ಟು ಆ ಬೇಸಿಗೆಯಲ್ಲೇ ಆಸ್ಪತ್ರೆ ಲ್ಯಾಬಿನ ತರಬೇತಿ ಮುಗಿಸಬಹುದಿತ್ತು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಅಂಕಲ್ ಬರೆದರು: “ನಿಮಗೆ ಡಿಗ್ರಿ ಆಗಿದೆ. ದೊಡ್ಡದು ಬರಲ್ಲ. ಚಿಕ್ಕದೇ ಹಾಕಿ.”

ಶನಿವಾರ ಬೆಳಿಗ್ಗೆ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದೆ. ಅವ್ವ ಚಪಾತಿ ಲಟ್ಟಿಸುತ್ತಿದ್ದಳು. ಅವಳ ಮನೆಯಲ್ಲಿ ವಾದ ಕನ್ನಡದಲ್ಲೇ ನಡೆಯಬೇಕು. “ಇಂಗ್ಲಿಷಿನ್ಯಾಗ ಜಗಳಾಡಿದ್ರ ನನಗ ಕೇಳಿಸಿಲ್ಲಂತ ಲೆಕ್ಕ” ಎನ್ನುವುದು ನಾನು ಚಿಕ್ಕವಳಿದ್ದಾಗಿನಿಂದ ಇರುವ ಕಾನೂನು. ನನಗೆ ಇಷ್ಟು ಕನ್ನಡ ಬರುವುದು ಆ ಜಗಳಗಳ ದಯೆಯಿಂದ.

“ನಿನ್ನ ಬಿಎಸ್ಸಿ ಮೂರು ವರ್ಷದ್ದು. ನಾಲ್ಕು ಆಗೇ ಇಲ್ಲ. ಕೇಸ್ ಕ್ಲೋಸ್,” ಎಂದೆ.

ಲಟ್ಟಣಿಗೆ ನಿಂತಿತು. “ಅಂದ್ರ ನಂದು ಡಿಗ್ರೀನ ಅಲ್ಲೇನು? ನೀ ನನ್ನ ಪರವಾಗಿ ಬಂದೀಯೋ, ನನ್ನ ವಿರುದ್ಧ ಬಂದೀಯೋ?”

ವಾದ ತಪ್ಪಿತ್ತು. ಅವ್ವನಿಗೆ ಬೇಜಾರಾಯಿತೆಂದಲ್ಲ, ನಿಯಮವನ್ನೇ ನಾನು ಓದಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಓದಿದೆ. ನೀವು ಎಲ್ಲಿ ಎಷ್ಟು ವರ್ಷ ಓದಿದ್ದೀರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈಗ ಓದುತ್ತಿರುವ ಕಾಲೇಜು ನಿಮ್ಮ ಹಳೆಯ ಓದಿಗೆ ನಾಲ್ಕು ವರ್ಷದಷ್ಟು ಕ್ರೆಡಿಟ್, ಅಂದರೆ ಮಾನ್ಯತೆ, ಕೊಟ್ಟಿದೆಯೇ, ಅದಷ್ಟೇ ಪ್ರಶ್ನೆ.

“ಅವ್ವ, ಕಾಲೇಜು ನಿನ್ನ ಬಿಎಸ್ಸಿಗೆ ಎಷ್ಟು ಕ್ರೆಡಿಟ್ ಕೊಟ್ಟಿದೆ?”

“ಇಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಪೂರ್ತಿ ತಗೊಂಡಾರ. ಅಂಕಲ್‌ಗೂ ಹಂಗ ಹೇಳೇನಿ.”

“ಪೂರ್ತಿ ತಗೊಂಡಿದ್ರೆ ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಮತ್ತೆ ಯಾಕೆ ಓದಿದೆ?”

ಎದುರಾಳಿಗೆ ಉತ್ತರವಿಲ್ಲದ ಪ್ರಶ್ನೆ ಕೇಳುವುದು ನನಗೆ ಚೆನ್ನಾಗಿ ಬರುತ್ತದೆ. ಕೇಳಿದ ಮೇಲೆ ಆ ಮುಖ ನೋಡುವುದು ಆವತ್ತು ಕಷ್ಟವಾಯಿತು. ಅವ್ವ ಕೈ ತೊಳೆದು, ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದು, ಮಸಾಲೆ ಪ್ಯಾಕೆಟ್ಟುಗಳ ಅಡಿಯಿಂದ ನಾಲ್ಕು ಮಡಿಕೆಯ ಒಂದು ಪತ್ರ ತೆಗೆದುಕೊಟ್ಟಳು. ಇಡೀ ಬಿಎಸ್ಸಿಯಲ್ಲಿ ಕಾಲೇಜು ಒಪ್ಪಿದ್ದು ಎರಡೇ ಕೋರ್ಸು. ಒಂದೂ ಕೆಮಿಸ್ಟ್ರಿಯಲ್ಲ.

“ಪ್ರಾಕ್ಟಿಕಲ್‌ನ್ಯಾಗ ನಮ್ಮ ಬ್ಯಾಚಿಗೇ ನಾನ ಫಸ್ಟ್,” ಎಂದಳು. “ಅದನ್ನ ಇವ್ರು ಸೊನ್ನಿ ಮಾಡ್ಯಾರಂತ ಪಾಟ್‌ಲಕ್ ಊಟಕ್ಕ ಕೂಡಿದ ಮಂದಿ ಮುಂದ ಹೆಂಗ ಹೇಳ್ಲಿ?”

ಅಂಕಲ್ ಹೇಳಿದ್ದಕ್ಕೂ ಕಾರಣವಿತ್ತು. ಅದು ಅವ್ವ ಹೇಳಿದ ಮಾತು; ನಿಜ ನಮ್ಮ ಡ್ರಾಯರಿನಲ್ಲಿತ್ತು.

ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. “ಮತ್ತೊಮ್ಮೆ ಚೆಕ್ ಮಾಡಿದೆವು ಅಂಕಲ್” ಎಂದು ಸುತ್ತಿ ಬಳಸಿ ಹೇಳುವ ಯೋಚನೆ ನನ್ನದು. ಅವ್ವ ಫೋನನ್ನು ತನ್ನ ಕಡೆ ಎಳೆದುಕೊಂಡಳು.

“ಅಣ್ಣಾರ, ಕಾಲೇಜಿನವರು ನನ್ನ ಡಿಗ್ರಿ ತಗೊಂಡಿಲ್ರೀ. ತಗೊಂಡಾರಂತ ನಾನ ಸುಳ್ಳ ಹೇಳಿದ್ದೆ.”

ಆ ಕಡೆ ಅಂಕಲ್ ಕುರ್ಚಿ ಎಳೆದುಕೊಂಡ ಸದ್ದು ಬಂತು. “ಅಯ್ಯೋ, ಮೊದಲೇ ಹೇಳ್ಬಾರದಿತ್ತೇನಮ್ಮಾ? ಇರ್ಲಿ, ಆ ಲೆಟರ್ ಕಳ್ಸಿ.”

ಫೋಟೋ ಕಳಿಸಿದೆ, ನಿಯಮವನ್ನು ಪುಟಸಂಖ್ಯೆ ಸಮೇತ ಓದಿದೆ. “ನಿಮ್ಮ ಮಗಳು ಲಾಯರ್ ನೋಟೀಸ್ ಥರ ಓದ್ತಾಳಲ್ಲಮ್ಮ,” ಎಂದರು. ಆಮೇಲೆ ಉಳಿದ ಷರತ್ತುಗಳನ್ನು ಅವರೇ ಕೇಳಿದರು. ಡಿಗ್ರಿಗೇ ಸೇರಿದ್ದೀರಾ? ಹೌದ್ರೀ. ಕಡೇಪಕ್ಷ ಒಂದು ಸೆಮಿಸ್ಟರ್ ಅರ್ಧದಷ್ಟಾದರೂ ಕೋರ್ಸ್ ತಗೊಂಡಿದ್ರಾ? ಪೂರ್ತಿ ತಗೊಂಡಿದ್ದೆರೀ.

“ಡ್ರಗ್ಸ್ ಕೇಸಲ್ಲಿ ಶಿಕ್ಷೆ ಆಗಿರಬಾರ್ದು ಅಂತಾನೂ ಇದೆ.”

“ಇಂಗು ಬಿಟ್ರ ಬ್ಯಾರೆ ಯಾವ ಪುಡೀನೂ ಇಟ್ಟಿಲ್ರೀ ಮನ್ಯಾಗ.”

ಅಂಕಲ್ ಜೋರಾಗಿ ನಕ್ಕರು. “ದೊಡ್ಡದೇ ಹಾಕಿ. ಆ ಲೆಟರ್ ನಾನೇ ಕೇಳಿ ನೋಡ್ಬೇಕಿತ್ತು, ನೋಡ್ಲಿಲ್ಲ,” ಎಂದರು. ಅವರ ಬಾಯಿಂದ ತಪ್ಪೊಪ್ಪಿಗೆ ಬಂದದ್ದು ನಾನು ಕೇಳಿದಂತೆ ಅದೇ ಮೊದಲು.

ಹ್ಯೂಸ್ಟನ್‌, ಆಸ್ಟಿನ್‌ ಡಿಬೇಟ್ ಟೂರ್ನಮೆಂಟುಗಳಲ್ಲಿ ನಾನು ಗೆದ್ದ ಕಪ್ಪುಗಳು ಆ ಅಡುಗೆಮನೆಗೆ ತಾಗಿದ ಕಪಾಟಿನಲ್ಲೇ ಇವೆ. ಅವುಗಳನ್ನು ಗೆದ್ದ ವರ್ಷಗಳಲ್ಲಿ ಒಮ್ಮೆಯೂ ‘ನಾನು ಹೇಳಿದ್ದು ಸುಳ್ಳು’ ಎಂದು ಎದುರಿನವರಿಗೆ ಹೇಳಿದವಳಲ್ಲ ನಾನು. ಅವ್ವ ಹಿಟ್ಟಿನ ಕಲೆಯ ದುಪಟ್ಟಾದಲ್ಲಿ ನಿಂತು ಹೇಳಿದಳು.

ಟ್ಯಾಕ್ಸ್ ಅರ್ಜಿ ತುಂಬಲು ಕೂತಾಗ ಪರದೆಯ ಮೇಲೆ ಪ್ರಶ್ನೆ ಬಂತು: ಈ ವಿದ್ಯಾರ್ಥಿ ಕಾಲೇಜಿನ ಮೊದಲ ನಾಲ್ಕು ವರ್ಷ ಮುಗಿಸಿದ್ದಾರೆಯೇ? ನಾನು ಮೌಸ್ ಮುಟ್ಟಲಿಲ್ಲ. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಇಲ್ಲ’ ಒತ್ತಿದಳು.

ಅಪ್ಪ, ಅವ್ವ ಇಬ್ಬರೂ ಸೇರಿ ಸಲ್ಲಿಸುವ ಆ ಅರ್ಜಿಯ ಕೊನೆಯ ಪುಟದಲ್ಲಿ ಅಪ್ಪನ ಉದ್ಯೋಗದ ಕೆಳಗೆ ಅವಳದು. ಹೋದ ವರ್ಷದ ‘ಡೇಕೇರ್ ಸಹಾಯಕಿ’ ತಾನೇ ಬಂದು ಕೂತಿತ್ತು. ಅವ್ವ ಅದನ್ನು ಒಂದೊಂದೇ ಅಕ್ಷರ ಅಳಿಸಿದಳು.

“ವಿದ್ಯಾರ್ಥಿ ಅಂತ ಹಾಕಿದ್ರ ನಡೀತದೇನ?” ಎಂದಳು.

“ನಡೀತದ” ಎಂದೆ, ಅವಳದೇ ಮಾತಿನಲ್ಲಿ.