ಬ್ಯಾರನ್ನಿನಲ್ಲಿ ಒಣಗಿದ ನಡಾವಳಿ

ಪಿರಿಯಾಪಟ್ಟಣದ ನಮ್ಮ ಪೇಟೆಬೀದಿ ವರ್ತಕರ ಸಂಘಕ್ಕೆ ಎಪ್ಪತ್ತೈದು ವರ್ಷ ತುಂಬಿತು. ಸ್ಮರಣ ಸಂಚಿಕೆಯೂ ಬಂತು. ಅದರಲ್ಲಿ ಅಧ್ಯಕ್ಷರುಗಳ ಫೋಟೊ ಇದೆ, ಶುಭ ಕೋರುವ ಜಾಹೀರಾತುಗಳಿವೆ, ಕಾರ್ಯದರ್ಶಿ ರೇಣುಕಾಪ್ರಸಾದ್ ಎಂದು ನನ್ನದೂ ಒಂದು ಫೋಟೊ ಇದೆ. ಅದರಲ್ಲಿ ನಾನು ಯಾರ ಮೇಲೋ ಸಿಡುಕುತ್ತಿರುವ ಹಾಗೆ ಕಾಣುತ್ತೇನೆ. ಸಿಡುಕುತ್ತಲೇ ಇದ್ದೆ ಎನ್ನುವುದೂ ನಿಜ. ಚಿಕ್ಕಸಿದ್ದಮ್ಮನವರ ಫೋಟೊ ಮಾತ್ರ ಇಲ್ಲ. ಎಷ್ಟು ಕೇಳಿಕೊಂಡರೂ "ನನ್ ಮೊಕ ಯಾಕೆ ಬುಡಿ, ಪ್ರಸಾದಣ್ಣ" ಎಂದು ಸೆರಗು ಅಡ್ಡ ಹಿಡಿದುಬಿಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವೆಲ್ಲ ಸಿದ್ದಕ್ಕ ಎಂದು ಕರೆಯುವ ಇವರು ನಮ್ಮ ಸಂಘದ ಕಚೇರಿಯ ಕಸ ಗುಡಿಸುವವರು, ಬಾಗಿಲು ತೆಗೆಯುವವರು, ಸಭೆಗೆ ಕಾಫಿ ತರುವವರು. ಬೆಳಗಿನ ಬಸ್ಸಿಗೆ ಊರಿಂದ ಬರುತ್ತಾರೆ. ಮನೆಗೆ ಒಂದಿಷ್ಟು ಹೊಲವಿದೆ, ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿಯುವ ಕಾಲದಲ್ಲಿ ಅವರ ಬೆರಳುಗಳಿಗೆ ಅಂಟು ಹತ್ತಿ ಕಪ್ಪಗಾಗಿರುತ್ತವೆ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಸದಸ್ಯರನ್ನು ಅಳೆಯುವುದಕ್ಕೆ ಅವರದೇ ಒಂದು ಲೆಕ್ಕವಿದೆ. ಬಾಗಿಲಲ್ಲಿ ಚಪ್ಪಲಿ ಜೋಡಿಸಿ ಬಿಟ್ಟು ಬರುವವನು ಒಳ್ಳೆಯವನು, ಒಂದು ಆ ಕಡೆ ಒಂದು ಈ ಕಡೆ ಎಸೆದು ಬರುವವನು ಆಗದವನು. ನಾನು ಎರಡನೆಯ ಪೈಕಿ. ಆದರೂ ನನ್ನನ್ನು ಸಹಿಸಿಕೊಂಡಿದ್ದಾರೆ.

ನಮ್ಮ ಸಂಘದಲ್ಲೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿ, ಎಲ್ಲರೂ ಕೈಯೆತ್ತಿ ಒಪ್ಪುವ ತನಕ ಯಾರೂ ಕಾಫಿ ಮುಟ್ಟುವಂತಿಲ್ಲ. ತಪ್ಪು ಕಂಡರೆ ಅಲ್ಲೇ ತಿದ್ದಬೇಕು. ಇದನ್ನು ಕಾಯುವವರು ನಮ್ಮ ಹಿರಿಯ ಸದಸ್ಯರು, ಬೆಲ್ಲದ ಮಂಡಿಯ ನೀಲಕಂಠಸ್ವಾಮಿಗಳು. ತೊಂಬತ್ತರ ಹತ್ತಿರ ಹತ್ತಿರ ಬಂದರೂ ಕಿವಿ ಚುರುಕು. ಒಮ್ಮೆ ಟೀ ಕೊಟ್ಟಿದ್ದ ಸಭೆಗೆ ನಾನು ಕಾಫಿ ಎಂದು ಬರೆದಿದ್ದೆ. ಕೋಲು ನೆಲಕ್ಕೆ ಕುಟ್ಟಿ "ತಿದ್ದುಪಡಿ!" ಎಂದರು. ತಿದ್ದುವ ತನಕ ಸಭೆ ಮುಂದಕ್ಕೆ ಹೋಗಲಿಲ್ಲ. ಅಂದು ನಾನು ಒಳಗೊಳಗೇ ಬಯ್ದುಕೊಂಡೆ. ಈಗ ಅದೇ ಪದ್ಧತಿಗೆ ಕೈ ಮುಗಿಯುತ್ತೇನೆ.

ಕಳೆದ ಆಷಾಢದಲ್ಲಿ ಮಳೆ ಹಿಡಿದುಕೊಂಡಿತು. ನಾನು ಕೆ.ಆರ್.ನಗರದ ಮಗಳ ಮನೆಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಕಚೇರಿಯ ಚಾವಣಿ ಸೋರಿ, ನೀರು ನೇರವಾಗಿ ಬೀರುವಿನೊಳಗೆ ಇಳಿದಿತ್ತು. ಸಂಘ ಹುಟ್ಟಿದ ದಿನದಿಂದ ಕೈಯಲ್ಲಿ ಬರೆದಿಟ್ಟ ನಡಾವಳಿ ಪುಸ್ತಕಗಳೆಲ್ಲ ನೆನೆದ ರೊಟ್ಟಿಯ ಹಾಗೆ ಉಬ್ಬಿದ್ದವು. ಹೊಲಿಗೆ ಬಿಟ್ಟಿತ್ತು, ಹಾಳೆಗೆ ಹಾಳೆ ಅಂಟಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನೆಲದ ಮೇಲೆ ಕೂತು ಅತ್ತೆ.

ಮೈಸೂರಿನಲ್ಲಿ ಹಳೆಯ ಕಾಗದಗಳನ್ನು ಬಲ್ಲ ಒಬ್ಬರಿಗೆ ಫೋನ್ ಮಾಡಿದೆ. ಹಾಳೆ ಬಿಡಿಸಿ, ಬೇಗ ಒಣಗಿಸಿ, ತಡವಾದರೆ ಬೂಸ್ಟು ಹಿಡಿದು ಏನೂ ಉಳಿಯುವುದಿಲ್ಲ ಎಂದರು. ಒಣಗಿಸುವುದು ಎಲ್ಲಿ? ಬಿಸಿಲಿಲ್ಲ, ಕರೆಂಟು ಬಂದಷ್ಟೇ ಬೇಗ ಹೋಗುತ್ತಿತ್ತು.

ಹಿಂದೆ ನಿಂತಿದ್ದ ಸಿದ್ದಕ್ಕ ಬಗ್ಗಿ ಒಂದು ಹಾಳೆಯ ಅಂಚು ಮುಟ್ಟಿ ನೋಡಿದರು.

"ಪ್ರಸಾದಣ್ಣ, ನಮ್ ಬ್ಯಾರನ್ಗೆ ಆಕ್ಬುಡಾನ."

ಹೊಗೆಸೊಪ್ಪು ಹದ ಮಾಡುವ ಎತ್ತರದ ಗೂಡನ್ನು ನಮ್ಮ ಕಡೆ ಬ್ಯಾರನ್ ಎನ್ನುತ್ತೇವೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಅಟ್ಟ ಅಟ್ಟವಾಗಿ ತೂಗುಹಾಕಿ, ಹೊರಗಿನಿಂದ ಒಲೆ ಉರಿಸುತ್ತಾರೆ. ಕಬ್ಬಿಣದ ಕೊಳವೆಗಳಲ್ಲಿ ಶಾಖ ಒಳಗೆ ಹರಿಯುತ್ತದೆ.

ನನಗೆ ರೇಗಿತು. "ಇದೇನು ಸೊಪ್ಪಾ ಸಿದ್ದಕ್ಕ? ಸುಟ್ಟುಹೋದರೆ?"

"ಬೆಂಕಿ ನಮ್ ಕೈಯಾಗಿರ್ತದೆ ಕಣಪ್ಪ. ಸಣ್ಣುರಿ ಮಡಗಿದ್ರಾಯ್ತು."

ಬೇರೆ ದಾರಿ ಕಾಣಲಿಲ್ಲ. ಗೂಡ್ಸ್ ಆಟೊದಲ್ಲಿ ಪುಸ್ತಕಗಳನ್ನು ಹೊತ್ತು ಅವರ ಊರಿಗೆ ಹೋದೆ. ಅಲ್ಲಿಗೆ ಹೋದಮೇಲೆ ತಿಳಿಯಿತು, ಅವರ ಹೊಲದಲ್ಲಿ ಸೊಪ್ಪು ಮಾಗಿ ನಿಂತಿತ್ತು. ಅದೇ ವಾರ ಬ್ಯಾರನ್ ತುಂಬಬೇಕಿತ್ತು. ಮಗ ಮಹೇಶ್‌ಕುಮಾರ್ ಅಂಗಳದಲ್ಲೇ ತಿರುಗಿಬಿದ್ದ.

"ಯಾರ್ದೋ ಕಾಗ್ದುಕ್ಕೆ ನಮ್ ಸೊಪ್ಪು ಕೊಳೀಬೇಕಾ ಅವ್ವ?"

"ಯಾರ್ದೋ ಅಲ್ಲ ಕಣ್ಲಾ. ಅದ್ರಾಗೆ ನನ್ ಎಸ್ರು ಐತೆ."

ಹುಡುಗ ಹೋಗಿ ಬ್ಯಾರನ್ನಿನ ಬಾಗಿಲು ತೆಗೆದ.

ಸಿದ್ದಕ್ಕನ ಗಂಡ ಗೋವಿಂದಯ್ಯ ನಮ್ಮ ಸಂಘದ ಜವಾನನಾಗಿದ್ದವನು. ಮಹೇಶ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟ. ಸಂಘ ಸಭೆ ಸೇರಿ ಅವನ ಕೆಲಸವನ್ನು ಸಿದ್ದಕ್ಕನಿಗೆ ಕೊಟ್ಟಿತು. ಆಗಿನ ಗುಮಾಸ್ತರು "ನಿನ್ನ ಹೆಸರು ನಡಾವಳಿಗೆ ಸೇರಿತಮ್ಮ, ಇನ್ನು ಯಾರೂ ನಿನ್ನನ್ನು ತೆಗೆಯುವ ಹಾಗಿಲ್ಲ" ಎಂದಿದ್ದರಂತೆ. ಆ ಮಾತನ್ನು ಇವರು ಎದೆಯಲ್ಲಿಟ್ಟುಕೊಂಡರು. ಓದಲು ಬರುವುದಿಲ್ಲ, ಆ ಹಾಳೆಯನ್ನು ಒಮ್ಮೆಯೂ ಕಂಡಿಲ್ಲ. ಶುಕ್ರವಾರ ಶುಕ್ರವಾರ ಆ ಬೀರುವಿಗೆ ಕುಂಕುಮ ಇಡುತ್ತಿದ್ದುದು ಯಾಕೆಂದು ನನಗೆ ಆ ಅಂಗಳದಲ್ಲಿ ಅರ್ಥವಾಯಿತು.

ಸಿದ್ದಕ್ಕ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಕಡ್ಡಿಗಳ ಮೇಲೆ ಹಾಕಿದರು. ಮಹೇಶ ಗೊಣಗುತ್ತಲೇ ಒಲೆಗೆ ಸೌದೆ ಒಡ್ಡಿದ. ಗೊಣಗಿದರೂ ಉರಿ ಒಂದು ಚೂರು ಹೆಚ್ಚಾಗಲು ಬಿಡಲಿಲ್ಲ. ಅಷ್ಟರಲ್ಲಿ ಹೊಲದಲ್ಲಿ ಗಿಡಗಳ ಕೆಳಗಿನೆಲೆಗಳು ಹಣ್ಣಾಗಿ ಕೊಳೆತವು. ಅದರ ಬಗ್ಗೆ ಮಾತೆತ್ತಿದರೆ ಸಿದ್ದಕ್ಕ "ಸೊಪ್ಪು ಮುಂದಿನ್ ವರ್ಸನೂ ಬತ್ತದೆ. ಇದು ಬತ್ತದಾ?" ಎಂದು ಬಾಯಿ ಮುಚ್ಚಿಸಿದರು.

ಒಣಗಿದೆ ಎಂದು ಹೇಳಿ ಕಳಿಸಿದಾಗ ಓಡಿ ಹೋದೆ. ಜಗಲಿಯ ಮೇಲೆ ಹಾಳೆಗಳು ಅಚ್ಚುಕಟ್ಟಾಗಿ ಕಟ್ಟು ಕಟ್ಟಾಗಿ ಕೂತಿದ್ದವು. ಕಂದು ಬಣ್ಣಕ್ಕೆ ತಿರುಗಿದ್ದವು, ಆದರೆ ಒಂದೊಂದು ಅಕ್ಷರವೂ ಓದಲು ಬರುತ್ತಿತ್ತು.

"ಇದು ಯಾವ ವರ್ಷದ್ದು ಸಿದ್ದಕ್ಕ?"

"ವರ್ಸ ನಂಗೇನ್ ಗೊತ್ತು? ಬಣ್ಣ ನೋಡಿ ಇಂಗಡಿಸಿವ್ನಿ. ಇದು ಒಳ್ಳೆ ಮಾಲು, ಇದು ನಡು ಮಾಲು, ಇದು ಕಡೆ ಮಾಲು."

ಹರಾಜಿಗೆ ಸೊಪ್ಪು ವಿಂಗಡಿಸಿದ ಹಾಗೆ ನಮ್ಮ ಸಂಘದ ಇತಿಹಾಸವನ್ನು ವಿಂಗಡಿಸಿಬಿಟ್ಟಿದ್ದರು! ಮೊದಲ ಅಧ್ಯಕ್ಷರ ಸ್ವಾಗತ ಭಾಷಣದ ಬೆನ್ನಿಗೆ ಮೊನ್ನೆ ಮೊನ್ನೆಯ ಚರಂಡಿ ದೂರು. ತಲೆಯ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಹೊಗೆಸೊಪ್ಪಿನ ಘಾಟಿಗೆ ಸೀನು ಬಂತು, ಸೀನಿನ ಹಿಂದೆ ನಗು ಬಂತು. ಸಿದ್ದಕ್ಕನೂ ಏನೂ ತಿಳಿಯದೆ ನಕ್ಕರು.

ಹಾಳೆಗಳನ್ನು ವರ್ಷವಾರು ಜೋಡಿಸಲು ತಿಂಗಳುಗಟ್ಟಲೆ ಹಿಡಿಯಿತು. ಅದೂ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಾನು ಅವುಗಳನ್ನು ಎಂದಾದರೂ ಪೂರ್ತಿ ಓದುತ್ತಿದ್ದೆನೇ? ಸಂಘದ ಮೊದಲ ಸಭೆ ಒಂದು ದಿನಸಿ ಅಂಗಡಿಯ ಮೂಟೆಗಳ ಮೇಲೆ ಕೂತು ನಡೆದದ್ದು, ಬೀದಿಗೆ ದೀಪ ಬೇಕೆಂದು ಅರ್ಜಿಯ ಮೇಲೆ ಅರ್ಜಿ ಹಾಕಿದ್ದು, ಸಂತೆಗೆ ಬರುವವರಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದ್ದು, ಎಲ್ಲವೂ ಅಲ್ಲಿತ್ತು. ನಾನು ಪಾತ್ರೆ ಅಂಗಡಿ ಇಟ್ಟು ಬದುಕಿದ ಬೀದಿಯನ್ನು ಎಷ್ಟು ಜನ ಸೇರಿ ಬೀದಿ ಮಾಡಿದ್ದರು ಎಂದು ತಿಳಿದು ಮನಸ್ಸು ತುಂಬಿತು.

ಪ್ರತಿದಿನ ಬೆಳಿಗ್ಗೆ ಪೊರಕೆ ಕೆಳಗಿಟ್ಟು ಸಿದ್ದಕ್ಕ ಕೇಳುತ್ತಿದ್ದರು: "ನನ್ ಎಸ್ರು ಸಿಕ್ತಾ?"

ಒಂದು ಮಧ್ಯಾಹ್ನ, ಅವರು ಊರಿಗೆ ಹೋದಮೇಲೆ, ಆ ಹಾಳೆ ಸಿಕ್ಕಿತು. "ಜವಾನ ಗೋವಿಂದಯ್ಯನ ಅಕಾಲ ಮರಣಕ್ಕೆ ಸಂತಾಪ ಸೂಚಿಸಲಾಯಿತು. ಆತನ ಹೆಂಡತಿಗೆ ಸದರಿ ಕೆಲಸ ಕೊಡುವುದೆಂದು ತೀರ್ಮಾನಿಸಲಾಯಿತು." ಅಷ್ಟೇ. ಹಾಳೆ ತಿರುಗಿಸಿದೆ, ಹಿಂದಿನದು ಮುಂದಿನದು ನೋಡಿದೆ. ಹೆಸರು ಎಲ್ಲೂ ಇರಲಿಲ್ಲ. ಬೆಳೆದ ಸೊಪ್ಪನ್ನು ಬಿಟ್ಟುಕೊಟ್ಟು ಅವರು ಉಳಿಸಿದ್ದು ಇದನ್ನೇ. ಬರೆದ ಗುಮಾಸ್ತರ ಮೇಲೆ ಎಲ್ಲಿಲ್ಲದ ಕೋಪ ಬಂತು.

ಮರುದಿನ ಬೆಳಿಗ್ಗೆ ಕೇಳಿದಾಗ "ಇನ್ನೂ ಇಲ್ಲ" ಎಂದು ಮುಖ ತಪ್ಪಿಸಿದೆ. ಹಾಳೆ ಹಿಡಿದು ನೀಲಕಂಠಸ್ವಾಮಿಗಳ ಮನೆಗೆ ಹೋದೆ. ಅವರು ಭೂತಗನ್ನಡಿ ಇಟ್ಟು ಎರಡು ಸಲ ಓದಿದರು.

"ಇದನ್ನ ಓದಿ ಒಪ್ಪಿದಾಗ ನಾನೂ ಕೈ ಎತ್ತಿವ್ನಿ ಕಣಯ್ಯ. ತಿದ್ದುಪಡಿ ಆಗ್ಬೇಕು."

"ಇಷ್ಟು ವರ್ಷ ಆದ್ಮೇಲಾ ಸ್ವಾಮಿ?"

"ತಿದ್ದೋದಕ್ಕೆ ವಾಯಿದೆ ಉಂಟೇನಯ್ಯ? ವಾರ್ಷಿಕ ಸಭೇಲಿ ಓದು. ಮಿಕ್ಕಿದ್ದು ನನಗೆ ಬುಡು."

ಎಪ್ಪತ್ತೈದನೆಯ ವಾರ್ಷಿಕ ಸಭೆ ಸೇರಿತು. ಸಭಾಂಗಣದ ತುಂಬ ಜನ, ಮೇಜಿನ ಮೇಲಿನ ಹಾಳೆಗಳಿಂದ ಎದ್ದ ಹೊಗೆಸೊಪ್ಪಿನ ವಾಸನೆಗೆ ಮುಂದಿನ ಸಾಲಿನಲ್ಲಿ ಸೀನೋ ಸೀನು. ಸಿದ್ದಕ್ಕ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ಕಾಯುತ್ತಿದ್ದರು. ಹಿಂದಿನ ಸಭೆಯ ನಡಾವಳಿ ಮುಗಿಸಿ, ನಾನು ಆ ಹಳೆಯ ಹಾಳೆ ಕೈಗೆತ್ತಿಕೊಂಡು ಓದಿದೆ. "ಆತನ ಹೆಂಡತಿಗೆ" ಎನ್ನುವಾಗ ಸಿದ್ದಕ್ಕನ ಕಡೆ ನೋಡಿದೆ. ಅವರು ಇನ್ನೂ ಕಾಯುತ್ತಿದ್ದರು, ಮುಂದೆ ಹೆಸರು ಬರುತ್ತದೆಂದು. ನಾನು ಓದುವುದು ನಿಲ್ಲಿಸಿದೆ. ಅವರ ಮುಖ ಬಾಡಿತು.

ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು. "ತಿದ್ದುಪಡಿ!"

ನೀಲಕಂಠಸ್ವಾಮಿಗಳು ಎದ್ದು ನಿಂತಿದ್ದರು. "'ಆತನ ಹೆಂಡತಿಗೆ' ಅನ್ನೋ ಕಡೆ 'ಶ್ರೀಮತಿ ಚಿಕ್ಕಸಿದ್ದಮ್ಮನವರಿಗೆ' ಅಂತ ಆಗ್ಬೇಕು. ಈ ಕಾಗದಗಳನ್ನ ಉಳಿಸಿಕೊಟ್ಟೋರೂ ಅವರೇ ಅಂತ ಇವತ್ತಿನ ನಡಾವಳೀಲಿ ಬರೀಬೇಕು. ಒಪ್ಪೋರು ಕೈ ಎತ್ರಪ್ಪ."

ಎತ್ತದ ಕೈ ಒಂದೂ ಇರಲಿಲ್ಲ. ನಾನು ಪೆನ್ನು ತೆಗೆದು ಆ ಹಾಳೆಯ ಮೇಲೇ ತಿದ್ದಿ ಬರೆದೆ. ಸ್ವಾಮಿಗಳು ಪಕ್ಕದಲ್ಲಿ ಸಹಿ ಹಾಕಿದರು. ಸಂಘದ ಪರವಾಗಿ ನಾನು ಸಿದ್ದಕ್ಕನಿಗೆ ಕೈ ಮುಗಿದೆ. ಏನೇನೋ ಹೇಳಬೇಕೆಂದಿದ್ದೆ, "ನಿಮ್ಮ ಋಣ ತೀರೋದಲ್ಲ" ಎಂದಷ್ಟೇ ಹೇಳಿದೆ.

ಸಿದ್ದಕ್ಕ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. "ಎಲ್ಲೈತೆ?" ಎಂದರು. ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಶಾಯಿ ಇನ್ನೂ ಒಣಗಿರಲಿಲ್ಲ, ಅವರು ಅದನ್ನು ಮುಟ್ಟಲಿಲ್ಲ. ಹಾಳೆಯ ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ಸೊಪ್ಪಿನ ಹದ ನೋಡುವ ಹಾಗೆ ಮೆಲ್ಲಗೆ ಉಜ್ಜಿದರು. ಕಣ್ಣಲ್ಲಿ ನೀರಿತ್ತು.

"ಅಯ್ಯೋ, ಇದು ನಡು ಮಾಲು ಕಣಪ್ಪ" ಎಂದರು. "ಮೂಲೆ ಅರ್ದೋಗಿತ್ತು, ನಾನೇ ಅಂಟಾಕ್ದೆ. ಇದೇ ಅಂತ ಗೊತ್ತಿದ್ದಿದ್ರೆ ಒಳ್ಳೆ ಮಾಲಿಗೇ ಸೇರಿಸ್ತಿದ್ನಲ್ಲ!"