ಗೇಟಿನ ಪಕ್ಕದ ಹೂವಿನ ಬುಟ್ಟಿ

ನನ್ನ ಕೈ ಉದ್ದ. ಕೀನ್ಯಾದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಬಸವೇಶ್ವರನಗರದ ಚರ್ಚಿಗೆ ಸೇವೆಗೆಂದು ಬಂದ ಹೊಸದರಲ್ಲೇ, ಗೇಟಿನ ಪಕ್ಕ ಹೂ ಮಾರುವ ಅಕ್ಕ ಅದನ್ನು ಕಂಡುಹಿಡಿದುಬಿಟ್ಟರು.

ನಾನು ಒಂದು ಮೊಳ ಮಲ್ಲಿಗೆ ಕೇಳಿದ್ದೆ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಅಳೆಯುವಾಗ ನಾನೂ ಕೈ ಚಾಚಿದೆ.

"ಬೇಡ ಸಿಸ್ಟರಮ್ಮ, ನಿಮ್ ಕೈಲಿ ಅಳೆದ್ರೆ ನನ್ನ ವ್ಯಾಪಾರ ಮುಳುಗೋಗತ್ತೆ" ಎಂದರು.

ನಮ್ಮೂರ ಸಂತೆಯಲ್ಲಿ ಕಾಳನ್ನು ತಗಡಿನ ಡಬ್ಬದಲ್ಲಿ ಅಳೆದು ಮೇಲೊಂದು ಹಿಡಿ ಸುರಿಯುವ ಹೆಂಗಸರು ನೆನಪಾದರು. ಅಂದಿನಿಂದ ನಮ್ಮಿಬ್ಬರಿಗೂ ಸಲುಗೆ ಬೆಳೆಯಿತು, ನನ್ನ ಕೈಯಳತೆಯ ತಮಾಷೆ ಚರ್ಚಿಗೆಲ್ಲ ಹಬ್ಬಿತು.

ಅಕ್ಕ ನಮ್ಮ ಧರ್ಮದವರಲ್ಲ. ಆದರೂ ಬೆಳಿಗ್ಗೆ ಬುಟ್ಟಿ ಇಳಿಸಿದ ಕೂಡಲೇ ಒಳಗೆ ಬಂದು, ಮೊದಲ ತುಂಡು ಹೂವನ್ನು ಮಾತೆ ಮರಿಯಮ್ಮನವರ ಪ್ರತಿಮೆಯ ಪಾದಕ್ಕಿಟ್ಟು, ಆಮೇಲೆಯೇ ಬೋಣಿಗೆ ಕೂರುತ್ತಿದ್ದರು. ಗೋವಿಂದರಾಜನಗರದಲ್ಲಿರುವ ಅವರ ಬಾಡಿಗೆ ಮನೆಯ ಒಲೆ ಉರಿಯುವುದು ಆ ಒಂದು ಬುಟ್ಟಿಯಿಂದಲೇ.

ಕಳೆದ ತಿಂಗಳು ಚರ್ಚಿನ ಹಬ್ಬಕ್ಕೆ ಬಿಷಪ್ ಬರುವವರಿದ್ದರು. ಹಿಂದಿನ ಸಂಜೆ ಚರ್ಚ್ ಮಂಡಳಿಯ ಅಧ್ಯಕ್ಷರು, ಗೇಟು ನೀಟಾಗಿರಬೇಕು, ಇನ್ನು ಮುಂದೆ ಇಲ್ಲಿ ಕೂರಬಾರದು ಎಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಬಿಷಪ್ ಕಾರಿಗೆ ಜಾಗ ಬೇಕಾದ್ರೆ ಸ್ವಲ್ಪ ಹೊತ್ತು ಪಕ್ಕಕ್ಕೆ ಸರೀತಾರೆ. ಪೂರ್ತಿ ಯಾಕೆ ಎಬ್ಬಿಸ್ತೀರಾ ಸಾರ್?" ಎಂದೆ.

"ಸಿಸ್ಟರ್, ನೀವು ಹೊರದೇಶದವರು. ಇಲ್ಲಿನ ವಿಷ್ಯ ನಿಮಗೆ ಗೊತ್ತಾಗಲ್ಲ."

"ನಾಳೆ ಪೂಜೇಲಿ ಬಡವರ ಬಗ್ಗೆ ಬೈಬಲ್ ಓದೋಳು ನಾನೇ ಸಾರ್. ಇವತ್ತು ಇವರನ್ನ ಎಬ್ಬಿಸಿ, ನಾಳೆ ಅದನ್ನ ಯಾವ ಬಾಯಲ್ಲಿ ಓದ್ಲಿ?"

ಅವರು ಮುಖ ತಿರುಗಿಸಿಕೊಂಡು ಹೋದರು.

ಹಬ್ಬದ ಬೆಳಿಗ್ಗೆ ಅಕ್ಕ ರಸ್ತೆಯ ಆಚೆ, ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದರು. ನಾನು ಸ್ಕೂಟರುಗಳ ನಡುವೆ ನುಗ್ಗಿ ಹೋಗಿ ಬುಟ್ಟಿಯನ್ನು ಕಿತ್ತುಕೊಂಡು ತಂದು, ಅದರ ಮಾಮೂಲಿ ಜಾಗದಲ್ಲೇ ಇಟ್ಟೆ. ಅಕ್ಕ ಬೈಯುತ್ತಲೇ ಹಿಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲೇ ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

"ಏನ್ ಸಿಸ್ಟರ್ ಇದು? ಎದ್ದೇಳಿ" ಎಂದರು ಅಧ್ಯಕ್ಷರು.

"ಏಳಲ್ಲ" ಎಂದೆ.

ಪೂಜೆಗೆ ಬಂದವರೆಲ್ಲ ಗೇಟಿನಲ್ಲೇ ನಿಂತು ನೋಡತೊಡಗಿದರು. ನನಗೆ ಒಳಗೊಳಗೇ ಹೆದರಿಕೆ. ಗುಂಪಿನಿಂದ ಮೊದಲು ಮುಂದೆ ಬಂದದ್ದು ಅಧ್ಯಕ್ಷರ ಹೆಂಡತಿ. ಗಂಡನ ಕಡೆ ತಿರುಗಿಯೂ ನೋಡದೆ, "ಎರಡು ಮೊಳ ಕೊಡಕ್ಕ. ಸಿಸ್ಟರ್ ಕೈಲೇ ಅಳೆಸು" ಎಂದರು.

ಎಲ್ಲರೂ ನಕ್ಕರು. ಆಮೇಲೆ ಯಾರಿಗೂ ಅಕ್ಕನ ಕೈಯಳತೆ ಬೇಡವಾಯಿತು. ನಾನು ಧಾರಾಳವಾಗಿ ಅಳೆದೆ, ಅಕ್ಕ ಗೊಣಗುತ್ತಾ ಕತ್ತರಿಸಿಕೊಟ್ಟರು. ಗಂಟೆ ಹೊಡೆಯುವ ಮೊದಲೇ ಬುಟ್ಟಿ ಖಾಲಿ.

"ಸಿಸ್ಟರಮ್ಮ, ನಾಳೆಯಿಂದ ನೀವು ಒಳಗಡೆ ಇರಿ, ನಾನು ಇಲ್ಲಿರ್ತೀನಿ" ಎಂದು ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಧ್ಯಕ್ಷರು ಆಮೇಲೆ ಅಕ್ಕನ ತಂಟೆಗೆ ಬರಲಿಲ್ಲ. ನನ್ನ ಮೇಲೆ ಮಾತ್ರ ನಮ್ಮ ಕನ್ಯಾಸ್ತ್ರೀ ಮಠದ ಮುಖ್ಯಸ್ಥೆಗೆ ದೂರು ಹೋಗಿದೆ. ಬೇರೆ ಊರಿಗೆ ವರ್ಗವಾಗುವ ಮಾತು ಕೇಳಿಬರುತ್ತಿದೆ. ಆಗಲಿ. ಕ್ಷಮೆ ಕೇಳು ಎಂದರೆ ಕೇಳುವುದಿಲ್ಲ. ಹೊರಡು ಎಂದರೆ ಹೊರಡುತ್ತೇನೆ, ಕಳಿಸಿದಲ್ಲಿಗೆ ಹೋಗುತ್ತೇನೆಂದು ವ್ರತ ತೊಟ್ಟವಳು ನಾನು. ಅಕ್ಕ ಅಂಥ ಯಾವ ವ್ರತವನ್ನೂ ತೊಟ್ಟವರಲ್ಲ. ಅವರು ಅಲ್ಲೇ ಕೂತಿರುತ್ತಾರೆ.