ಜುರಾಗನ್ ಹಿಡಿದ ವ್ರತ

ಯು ವಾಗಿನಿ, ಅಂದರೆ ವಾಗಿನಿ ಅಕ್ಕ, ಬೆಚ್ಚಿಬಿದ್ದದ್ದನ್ನು ಕಂಡ ಮನುಷ್ಯ ಮಲಾಂಗ್ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಬ್ರಾಂತಾಸ್ ಹೊಳೆಯಂಚಿನ ನಮ್ಮ ಗಲ್ಲಿಯಲ್ಲಿ ಇದನ್ನು ಪುರಾಣದ ಹಾಗೆ ಹೇಳುತ್ತಾರೆ. ಕೆಲುದ್ ಬೆಟ್ಟ ಬೂದಿ ಕಾರಿದ ದಿನ ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡುತ್ತಿದ್ದಾಗ, ಈಕೆ ಹೊಲಿಗೆ ಮಿಷನ್ ಮೇಲಿನ ಬೂದಿಯನ್ನು ಉಫ್ ಎಂದು ಊದಿ ಅರ್ಧಕ್ಕೆ ನಿಂತಿದ್ದ ಕಾಜಾ ಮುಗಿಸಿದಳಂತೆ. ಹೊಳೆ ಮನೆಯೊಳಗೆ ನುಗ್ಗಿದ ವರ್ಷ ಪೆಡಲಿನಿಂದ ಕಾಲನ್ನೇ ತೆಗೆಯಲಿಲ್ಲವಂತೆ. ನೀರು ಅವಳ ಮೊಣಕಾಲಿನ ತನಕ ಬಂದು, ಅವಳು ಏಳುವ ಲಕ್ಷಣ ಕಾಣದೆ, ಮರ್ಯಾದೆಗೆಟ್ಟು ವಾಪಸು ಹೋಯಿತಂತೆ. ಸಾಲದ್ದಕ್ಕೆ ಗಂಡ ಸಾಕಿದ ಹೆಬ್ಬಾವಿನ ಜೊತೆ ಒಮ್ಮೆ ಎವೆಯಿಕ್ಕದೆ ನೋಡುವ ಪಂದ್ಯ ನಡೆಯಿತಂತೆ. ಹಾವಿಗೆ ರೆಪ್ಪೆಯೇ ಇಲ್ಲ. ಆದರೂ ಗೆದ್ದದ್ದು ವಾಗಿನಿ ಎಂದು ಅಂಗಡಿಯ ಸ್ರಿಪಾ ಆಣೆ ಹಾಕಿ ಹೇಳುತ್ತಾಳೆ.

ಇಂಥ ವೀರ ವನಿತೆಯ ಗಂಡ ಕಸ್ನಾದಿ, ಬಾಡಿಗೆ ವ್ಯಾನಿನ ಡ್ರೈವರು, ಒಂದು ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಇನ್ನರ್ಧ ಬಿಟ್ಟು ಕುರ್ಚಿಯಲ್ಲೇ ತೀರಿಕೊಂಡ. ಗಲ್ಲಿಯ ಹೆಂಗಸರೆಲ್ಲ ಕರವಸ್ತ್ರ ಹಿಡಿದು ಸಿದ್ಧರಾಗಿ ಕೂತರು. ವಾಗಿನಿ ಅಳಲಿಲ್ಲ. ಹೆಣಕ್ಕೆ ಸುತ್ತಿದ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದಳು. ಎಲ್ಲೂ ಒಂದು ಹೊಲಿಗೆ ಇಲ್ಲ, ಬರೀ ಗಂಟು. ಅಂಚು ಬಿಚ್ಚಿಕೊಳ್ಳುತ್ತದಲ್ಲ ಎಂದು ಅನಿಸಿತು. ಬೇರೇನೂ ಅನಿಸಲಿಲ್ಲ. ಮರುದಿನವೂ ಅನಿಸಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಅದು ಬೇರೆ ಯಾರದೋ ಕಾಲು ಅನಿಸುತ್ತದಲ್ಲ, ಹಾಗೆ ಅವಳಿಗೆ ಮನೆ, ಕುರ್ಚಿ, ಲೋಟ ಎಲ್ಲವೂ ಯಾರದೋ ಅನಿಸುತ್ತಿದ್ದವು. ಶಾಲೆಯ ಯೂನಿಫಾರಂ ಲಂಗಗಳು ನಲವತ್ತು ಇದ್ದವು. ಹೊಲಿದಳು.

ಉಳಿದದ್ದು ಹಾವು. ತೋಳಿನಷ್ಟು ದಪ್ಪ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಜಾತಿಯ ಹೆಬ್ಬಾವು. ಕೆಲಸವಿಲ್ಲದೆ ಬಿದ್ದುಕೊಂಡು ಹೊತ್ತುಹೊತ್ತಿಗೆ ತಿನ್ನುತ್ತದೆಂದು ಕಸ್ನಾದಿ ಅದಕ್ಕೆ ಜುರಾಗನ್, ಅಂದರೆ ಯಜಮಾನ, ಎಂದು ಹೆಸರಿಟ್ಟಿದ್ದ. ಹನ್ನೊಂದು ವರ್ಷ ಅವನೇ ಹಕ್ಕಿ ಸಂತೆಯಿಂದ ಜೀವಂತ ಇಲಿ ತಂದು ಪೆಟ್ಟಿಗೆಯೊಳಗೆ ಬಿಡುತ್ತಿದ್ದ. ಆಗೆಲ್ಲ ವಾಗಿನಿ ಬೆನ್ನು ತಿರುಗಿಸಿ ಹೊಲಿಯುತ್ತಿದ್ದಳು. ಹಾಗಾಗಿ ಗಂಡ ಕೈಯಲ್ಲಿ ಕೋಲು ಹಿಡಿದು, ಹಾವು ಇಲಿಯನ್ನು ಹಿಡಿಯುವ ತನಕ ಕದಲದೆ ಕಾಯುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಅವನು ಸತ್ತ ಹನ್ನೆರಡನೇ ದಿನ ಅವಳೇ ಒಂದು ಇಲಿ ತಂದು ಬಿಟ್ಟಳು, ಮುಚ್ಚಳ ಹಾಕಿದಳು, ಲಂಗಕ್ಕೆ ನೆರಿಗೆ ಹಿಡಿಯಲು ಹೋದಳು. ತಿರುಗಿ ಬಂದು ನೋಡಿದರೆ ಇಲಿ ಆರೋಗ್ಯವಾಗಿತ್ತು. ಯಜಮಾನನ ಕಣ್ಣಿನ ಕೆಳಗೆ ಮಾಂಸ ಕಾಣುತ್ತಿತ್ತು.

ಅವಳು ಗಾಯಕ್ಕೆ ಹತ್ತಿಯಿಂದ ಕಂದು ಔಷಧಿ ಹಚ್ಚಿ, ಗಂಡನ ಹಾವು ಸಂಘದ ಗೆಳೆಯ ಗಾಲಿಹ್‌ಗೆ ಫೋನು ಮಾಡಿದಳು. ಮೂವತ್ತು ಹಾವು ಸಾಕಿ ಇನ್ನೂ ಮದುವೆಯಾಗದ ಗಾಲಿಹ್ ಬಂದು ನೋಡಿ, ಇನ್ನು ಮೇಲೆ ಜೀವಂತ ಇಲಿಯ ಸಹವಾಸ ಬೇಡ, ಸತ್ತು ಮಂಜುಗಟ್ಟಿದ್ದನ್ನೇ ರೂಢಿ ಮಾಡಿ, ಅದು ಕಚ್ಚುವುದಿಲ್ಲ ಎಂದ. ಮುಂದಿನ ಸಲ ಬರುವಾಗ ಹತ್ತು ಇಲಿಗಳ ಪೊಟ್ಟಣವನ್ನೂ ತಂದ. ವಾಗಿನಿಯ ಮನೆಯಲ್ಲಿ ಫ್ರಿಜ್ಜಿಲ್ಲ. ಎದುರಿನ ಅಂಗಡಿಯಲ್ಲಿ ಐಸ್ ಕಡ್ಡಿ ಮಾರುವ ಸ್ರಿಪಾಳ ಫ್ರೀಜರಿನಲ್ಲಿ ಇಲಿಗಳಿಗೆ ಜಾಗವಾಯಿತು. ಹದಿನೈದು ದಿನ ಗಲ್ಲಿಯಲ್ಲಿ ಐಸ್ ಕಡ್ಡಿ ತಿನ್ನುವವರೇ ಇರಲಿಲ್ಲ.

ವಾಗಿನಿ ಇಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆತ್ತಗಾಗಲು ಬಿಟ್ಟಳು, ಇಕ್ಕಳದಲ್ಲಿ ಹಿಡಿದು ಯಜಮಾನನ ಮೂಗಿನ ಮುಂದೆ ಆಡಿಸಿದಳು. ಯಜಮಾನ ನಾಲಿಗೆ ಎರಡು ಸಲ ಹೊರಗೆ ಹಾಕಿ, ಮದುವೆ ಮನೆಯಲ್ಲಿ ಹಳಸಿದ ಅನ್ನ ಬಡಿಸಿಕೊಂಡ ಬೀಗನ ಹಾಗೆ ಮುಖ ತಿರುಗಿಸಿದ. ಮರುವಾರ ಇನ್ನೊಂದು ಇಲಿ, ಅದರ ಮರುವಾರ ಮತ್ತೊಂದು. ಮೂರೂ ಹೊಳೆಗೆ ಹೋದವು. ಭಾನುವಾರಕ್ಕೊಮ್ಮೆ ಸ್ರಿಪಾಳ ಸಕ್ಕರೆ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಹಾಸಿ ಹಾವನ್ನು ತೂಗುವುದಿತ್ತು: ಸಾವಿರದ ನಾನೂರು ಗ್ರಾಂ, ಸಾವಿರದ ಮುನ್ನೂರ ಮೂವತ್ತು, ಸಾವಿರದ ಇನ್ನೂರ ಅರವತ್ತು. ಗಲ್ಲಿಯ ಗಂಡಸರು ಆ ಅಂಕೆಗಳನ್ನು ಗುಟ್ಟಾಗಿ ಬರೆದುಕೊಂಡು ಲಾಟರಿ ಕಟ್ಟಿದರು. ಹಾವು ಇಳಿದಂತೆ ಅವರೂ ಇಳಿದರು.

ಹಾವು ಯಾಕೆ ತಿನ್ನುತ್ತಿಲ್ಲ ಎಂಬುದನ್ನು ಕಂಡುಹಿಡಿದವರು ಪ್ರಾರ್ಥನೆ ನಡೆಸುವ ದುಲ್ರೋಕಿಂ ಅಜ್ಜ. ಒಂದು ಸಂಜೆ ಪೆಟ್ಟಿಗೆಯ ಮುಂದೆ ಕೂತು, ಕ್ರೆಟೆಕ್ ಸಿಗರೇಟಿನ ಲವಂಗದ ಹೊಗೆ ಬಿಡುತ್ತ, ಬಹಳ ಹೊತ್ತು ಹಾವಿನ ಮುಖ ನೋಡಿದರು. ಕಸ್ನಾದಿ ಸೋಮವಾರ ಗುರುವಾರ ತಪ್ಪದೆ ಉಪವಾಸ ಇರುತ್ತಿದ್ದನಲ್ಲವೇ ಎಂದು ಕೇಳಿದರು. ಹೌದು ಎಂದಳು ವಾಗಿನಿ. ಅಷ್ಟು ಸಾಕಾಯಿತು. ಯಜಮಾನ ತನ್ನ ಯಜಮಾನನಿಗಾಗಿ ವ್ರತ ಹಿಡಿದಿದ್ದಾನೆ, ಸತ್ತವನಿಗಾಗಿ ನೂರನೇ ದಿನ ಮಾಡುವ ಪ್ರಾರ್ಥನೆ ಮುಗಿಯುವ ತನಕ ಬಾಯಿಗೆ ಏನೂ ಮುಟ್ಟಿಸುವುದಿಲ್ಲ ಎಂದು ತೀರ್ಪಾಯಿತು. ಬೆಳಗಾಗುವುದರೊಳಗೆ ಗಲ್ಲಿಗೆಲ್ಲ ಹಬ್ಬಿತು. ಮೂರನೇ ತಿರುವಿನಿಂದ ಹೆಂಗಸರು ಮಕ್ಕಳನ್ನು ಕರೆತಂದು, ನೋಡು, ಹಾವಿಗಿರುವ ಬುದ್ಧಿ ನಿನಗಿಲ್ಲ ಎಂದು ರಂಜಾನಿನಲ್ಲಿ ಕದ್ದು ತಿಂದವರಿಗೆ ತೋರಿಸಿದರು. ಬಾಗಿಲಲ್ಲಿ ಮಲ್ಲಿಗೆ ಬಿತ್ತು.

ಈ ಭಕ್ತಿಯ ಪರಿಣಾಮ ವಾಗಿನಿಗೆ ತಿಳಿದದ್ದು ಮರುವಾರ ಇಲಿ ತರಲು ಹೋದಾಗ. ಸ್ರಿಪಾ ಫ್ರೀಜರಿನ ಮುಚ್ಚಳದ ಮೇಲೆ ಮೊಣಕೈ ಊರಿ ನಿಂತಿದ್ದಳು.

"ಅಲ್ಲ ಯು, ವ್ರತದಲ್ಲಿರೋನ ಮುಂದೆ ಊಟ ಹಿಡ್ಕೊಂಡು ಆಡಿಸ್ತಿಯಲ್ಲ, ನಿಂಗೆ ಪಾಪ ಸುತ್ಕೊಳಲ್ವಾ?"

"ಸಣ್ಣ ಆಗ್ತಿದೆ."

"ಆಗ್ಲಿ. ನಾನೂ ರಂಜಾನಲ್ಲಿ ಸಣ್ಣ ಆಗ್ತೀನಿ."

ಸ್ರಿಪಾಳನ್ನು ನೋಡಿದವರಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ. ಆದರೆ ಫ್ರೀಜರು ಅವಳದು. ನೂರನೇ ದಿನ ಮಧ್ಯಾಹ್ನಕ್ಕೆ ಮುಂಚೆ ಒಂದು ಇಲಿಯ ಬಾಲವೂ ಹೊರಗೆ ಬರುವುದಿಲ್ಲ ಎಂದು ಅವಳು ಹೇಳಿದಳು, ಹೇಳಿದಂತೆ ನಡೆದುಕೊಂಡಳು.

ಗಾಲಿಹ್‌ಗೆ ಇದು ಕೇಳಿ ತಲೆ ಕೆಟ್ಟಿತು. ವ್ರತವೂ ಇಲ್ಲ ಮಣ್ಣೂ ಇಲ್ಲ, ಒಂದು ಕಿಲೋಗಿಂತ ಕೆಳಗೆ ಇಳಿದರೆ ಹಾವು ಮತ್ತೆ ಏಳುವುದಿಲ್ಲ ಎಂದ. ನೂರನೇ ದಿನದ ಸಂಜೆಯೊಳಗೆ ತಿನ್ನದಿದ್ದರೆ ತಾನು ಪೆಟ್ಟಿಗೆ ತಂದು ಒಯ್ಯುತ್ತೇನೆ, ತನ್ನ ಬಳಿ ಕಾದು ಕೂತು ಜೀವಂತ ಇಲಿ ತಿನ್ನಿಸುತ್ತೇನೆ, ಅಭ್ಯಾಸ ಆದ ಮೇಲೆ ಅದನ್ನು ಅಲುಗಿಸುವಂತಿಲ್ಲ, ಅಲ್ಲೇ ಇರಬೇಕಾಗುತ್ತದೆ ಎಂದೂ ಹೇಳಿದ. ವಾಗಿನಿ ಯಾವತ್ತೂ ಯಾರನ್ನೂ ಏನನ್ನೂ ಕೇಳಿದವಳಲ್ಲ.

"ಇಲ್ಲೇ ಇದ್ರೆ ಒಳ್ಳೇದಿತ್ತು," ಎಂದಳು.

ಯಾಕೆ ಒಳ್ಳೆಯದು ಎಂದು ಗಾಲಿಹ್ ಕೇಳಲಿಲ್ಲ. ಬೆಳಿಗ್ಗೆ ಎದ್ದರೆ ಪೆಟ್ಟಿಗೆಯ ನೀರು ಬದಲಿಸುವುದಿತ್ತು. ಆ ನೀರಿನ ನೆಪವಿಲ್ಲದಿದ್ದರೆ ಎದ್ದು ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ದುಃಖವೆಂದು ಕರೆಯುವಷ್ಟು ದೊಡ್ಡದೇನೂ ಅಲ್ಲ ಅದು.

ನೂರನೇ ದಿನ ಬೆಳಿಗ್ಗೆ ತಕ್ಕಡಿ ಸಾವಿರದ ಹತ್ತು ತೋರಿಸಿತು. ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ಹೆಂಗಸರೆಲ್ಲ ಅವಳ ಹಿತ್ತಲಿನಲ್ಲಿ ಸೇರಿ ಅಕ್ಕಿ ಹಿಟ್ಟಿನ ಅಪೆಮ್ ಬೇಯಿಸುತ್ತ, ಕೋಳಿ ಹುರಿಯುತ್ತ, ಸತ್ತವನ ಗುಣಗಾನ ಮಾಡುತ್ತಿದ್ದರು. ಮನೆಯೊಡತಿಯನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಯೂನಿಫಾರಂ ಲಂಗಗಳಿಗೆ ಇಸ್ತ್ರಿ ಹಾಕುತ್ತ ಕೂತಳು. ಸ್ರಿಪಾ ಮಾತಿಗೆ ತಪ್ಪದೆ ಒಂದು ಇಲಿ ತಂದು, ಕಲ್ಲಿನಂತಿದ್ದದ್ದನ್ನು ಟಣ್ ಎಂದು ಮೇಜಿನ ಮೇಲಿಟ್ಟು, ಪ್ರಾರ್ಥನೆ ಆದ ಕೂಡಲೇ ಪಾರಣೆ ಮಾಡಿಸು ಎಂದು ಹೇಳಿ ಹೋದಳು. ವಾಗಿನಿ ಅದನ್ನು ಬಕೆಟ್ಟಿನ ನೀರಿಗೆ ಹಾಕಿದಳು. ಹೊತ್ತು ಸರಿಯಿತು. ಇಲಿ ಮೆತ್ತಗಾಯಿತು. ಗಾಲಿಹ್ ಐದು ಗಂಟೆಗೆ ಬರುತ್ತೇನೆಂದಿದ್ದ, ನಾಲ್ಕೂಕಾಲು ಆಗಿತ್ತು.

ನೀರಿನ ಬಟ್ಟಲು ತೆಗೆಯಲೆಂದು ಅವಳು ಪೆಟ್ಟಿಗೆಯೊಳಗೆ ಕೈ ಹಾಕಿದಳು. ಆಗ ಯಜಮಾನನ ತಲೆ ಎದ್ದಿತು. ಕೈ ಎಡಕ್ಕೆ ಹೋದರೆ ತಲೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮೂರು ತಿಂಗಳು ಅವಳ ಕೈಯನ್ನು ಕಟ್ಟಿಗೆಯ ತುಂಡಿನಂತೆ ಕಂಡಿದ್ದ ಪ್ರಾಣಿ ಈಗ ಅದನ್ನೇ ಅಳೆದು ನೋಡುತ್ತಿತ್ತು. ವಾಗಿನಿ ಕೈ ಹೊರಗೆ ತೆಗೆದು ಕೆನ್ನೆಗೆ ಇಟ್ಟುಕೊಂಡಳು. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಅಂಗೈ ಕಾದಿತ್ತು. ಆಮೇಲೆ ಬಕೆಟ್ಟಿನೊಳಗಿನ ಇಲಿಯನ್ನು ಮುಟ್ಟಿದಳು.

ಮುಂದೆ ನಡೆದದ್ದು ಹೊಲಿಗೆ ಕಸುಬಿನ ಚರಿತ್ರೆಯಲ್ಲಿ ಹಿಂದೆಂದೂ ನಡೆದಿರಲಾರದು. ಒದ್ದೆ ಬಟ್ಟೆ ಹಿಂಡಿ, ಇಲಿಯನ್ನು ರೇಷ್ಮೆ ರವಿಕೆಯಷ್ಟು ಜೋಪಾನವಾಗಿ ಅದರಲ್ಲಿ ಸುತ್ತಿ, ಭಾರ ಬಿಡದೆ, ತಲೆಯ ಕಡೆಯಿಂದ ಬಾಲದ ಕಡೆಗೆ ಹದವಾಗಿ ಇಸ್ತ್ರಿ ಹಾಕಿದಳು. ಆವಿ ಎದ್ದಿತು. ಬಿಚ್ಚಿ, ತಲೆಗೆ ಇನ್ನೊಂದು ಸಲ ಶಾಖ ಕೊಟ್ಟಳು. ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಇಳಿಸುವಷ್ಟರಲ್ಲಿ ಇಕ್ಕಳ ಜಗ್ಗಿತು. ಯಜಮಾನ ಮೂರು ಸುತ್ತು ಸುತ್ತಿ, ಸತ್ತದ್ದನ್ನು ಇನ್ನೊಮ್ಮೆ ಶ್ರದ್ಧೆಯಿಂದ ಕೊಂದು, ತಲೆಯಿಂದ ನುಂಗತೊಡಗಿದ.

ವಾಗಿನಿ ಈ ಸಲ ಬೆನ್ನು ತಿರುಗಿಸಲಿಲ್ಲ. ಬಾಲ ಮಾಯವಾಗುವ ತನಕ ನೋಡಿದಳು. ಲಂಗವೊಂದು ಸುಟ್ಟ ವಾಸನೆ ಬಂದಾಗ ಇಸ್ತ್ರಿ ಪೆಟ್ಟಿಗೆ ಎತ್ತಿದಳು.

ಗಾಲಿಹ್ ಬಂದು, ಹಾವಿನ ನಡುವಿನ ಉಬ್ಬು ಮುಟ್ಟಿ ನೋಡಿ, ತಂದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅದರ ಮೇಲೆ ಕೂತ. ಅಷ್ಟರಲ್ಲಿ ಸುದ್ದಿ ಹಿತ್ತಲಿಗೆ ಮುಟ್ಟಿ, ಅಲ್ಲಿಂದ ಗಲ್ಲಿಗೆ ಹೊರಟು, ಪ್ರಾರ್ಥನೆಗೆ ಗಂಡಸರು ಚಾಪೆಯ ಮೇಲೆ ಕೂರುವ ಹೊತ್ತಿಗೆ ಸಾಕಷ್ಟು ಬೆಳೆದಿತ್ತು. ಕಸ್ನಾದಿ ಬಿಳಿ ಬಟ್ಟೆಯಲ್ಲಿ ಬಂದು ತನ್ನ ಕೈಯಾರೆ ತುತ್ತಿಟ್ಟನಂತೆ. ಮನೆಯೊಳಗೆ ಆವಿಯಂಥದ್ದು ಎದ್ದದ್ದನ್ನು ಸ್ರಿಪಾ ಕಣ್ಣಾರೆ ಕಂಡಳಂತೆ. ವಾಗಿನಿಯ ಮುಖದಲ್ಲಿ ನೀರು ಹರಿಯುತ್ತಿತ್ತಂತೆ. ಅದು ಆವಿಯ ನೀರೆಂದು ಗಾಲಿಹ್ ಹೇಳಹೋದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಪ್ರಾರ್ಥನೆ ಮುಗಿಯಿತು. ಅನ್ನದ ಬುಟ್ಟಿಗಳು ಕೈಗೆ ಬರುವ ಮುಂಚೆ ದುಲ್ರೋಕಿಂ ಅಜ್ಜ ಗಂಟಲು ಸರಿಮಾಡಿಕೊಂಡು ಒಳಬಾಗಿಲ ಪರದೆಯ ಕಡೆ ತಿರುಗಿದರು. ಪರದೆಯ ಹಿಂದೆ ಹೆಂಗಸರು ಸೌಟು ಕೆಳಗಿಟ್ಟು ಹತ್ತಿರ ಸರಿದರು.

"ತಾಯಿ, ನೂರು ದಿನ ಮುಗೀತು. ನಿನ್ನ ಗಂಡ ಬಂದ, ಅವನ ಸೇವಕ ವ್ರತ ಬಿಟ್ಟ. ಈ ಗಲ್ಲಿಗೆ ಅವನು ಏನೋ ಒಂದು ಮಾತು ಬಿಟ್ಟು ಹೋಗಿರ್ಬೇಕು. ಅದೇನು ಅಂತ ನಮಗೂ ಹೇಳು."

ವಾಗಿನಿ ಪರದೆ ಸರಿಸಿ ನಿಂತಳು. ನಲವತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು.

"ಇಲಿ ತಣ್ಣಗಿತ್ತು ಅಜ್ಜ," ಎಂದಳು. "ಬಿಸಿ ಮಾಡ್ಕೊಟ್ಟೆ, ತಿಂತು."